ಚಿನ್ನಯ್ಯ ಶೆಟ್ಟರು ಬೊಂಬಾಯಿಗೆ ಎರಡು ಸಲ ಹೋದದ್ದು

ಮೆಲ್ಕಾರಿನ ಚಿನ್ನಯ್ಯ ಶೆಟ್ಟರು ನೂರಾ ನಲ್ವತ್ತಕ್ಕೂ ಹೆಚ್ಚು ಬಸ್ಸುಗಳಿಗೆ ಬಾಡಿ ಕಟ್ಟಿದವರು. ಅವುಗಳಲ್ಲಿ ಒಂದನ್ನೂ ಓಡಿಸಲಿಲ್ಲ. ಓಡಿಸಲು ಬರುತ್ತಿರಲಿಲ್ಲ ಎನ್ನುವುದೇ ಸರಿ. ಅರವತ್ತೆಂಟರಲ್ಲೋ ಅರವತ್ತೊಂಬತ್ತರಲ್ಲೋ ಒಮ್ಮೆ, ಬಾಡಿ ಇಲ್ಲದ ಬರೇ ಚಾಸಿಸನ್ನು ಶೆಡ್ಡಿನ ಬಾಗಿಲಿನಿಂದ ಹತ್ತು ಮಾರು ಹಿಂದಕ್ಕೆ ತೆಗೆಯುತ್ತೇನೆಂದು ಕೂತವರು, ಅದನ್ನು ನೇರ ಪಕ್ಕದ ಗದ್ದೆಯ ಕೆಸರಿಗೆ ಇಳಿಸಿದ್ದರು. ಮೇಲೆತ್ತಲು ನಾಲ್ಕು ಜೊತೆ ಕೋಣಗಳು ಬೇಕಾದವು. ಆಮೇಲೆ ಅವರು ಡ್ರೈವರ್ ಸೀಟಿನ ಅಳತೆಯನ್ನು ಕೂಡ ಪಕ್ಕದಲ್ಲಿ ನಿಂತೇ ತೆಗೆಯುತ್ತಿದ್ದರು.

ಇಂಥವರು ಎಂಬತ್ತೈದನೆಯ ಇಸವಿಯ ದೀಪಾವಳಿಗೆ ಇನ್ನೂ ಮೂರು ವಾರ ಇರುವಾಗಲೇ, ಮನೆಯ ಹಿಂದಿನ ಖಾಲಿ ದನದ ಹಟ್ಟಿಯಲ್ಲಿ ವಿಮಾನದ ಡ್ರೈವರ್ ಕೋಣೆ ಕಟ್ಟಲು ಸುರು ಮಾಡಿದರು ಎಂದರೆ ಊರಿಗೆ ನಗು ಬಾರದೆ ಇರುತ್ತದೆಯೇ? ಪಾಣೆಮಂಗಳೂರಿನಿಂದ ಸಿದ್ಧಕಟ್ಟೆಯವರೆಗೆ ಜನ ನಕ್ಕರು. ನಗಲಿ. ನಕ್ಕವರಲ್ಲಿ ಅರ್ಧದಷ್ಟು ಜನ ಆಮೇಲೆ ಅದೇ ಹಟ್ಟಿಯ ಬಾಗಿಲಲ್ಲಿ ಸಾಲು ನಿಂತದ್ದು ಬೇರೆ ಮಾತು. ಅದು ಹುಚ್ಚಿಗೆ ಕಟ್ಟಿದ್ದಲ್ಲ, ಶೋಕಿಗೂ ಕಟ್ಟಿದ್ದಲ್ಲ. ಹೆಂಡತಿಗೆ ಕಟ್ಟಿದ್ದು. ಆ ಹೆಂಡತಿಯ ಕತೆ ಹೇಳದೆ ವಿಮಾನದ ಕತೆ ಮುಂದೆ ಹೋಗುವುದಿಲ್ಲ.

ರಾಜೀವಿ ಕಕ್ಕಿಂಜೆಯವಳು. ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ, ಚಾರ್ಮಾಡಿ ಘಾಟಿ ಇಳಿಯುತ್ತಿದ್ದ ಬಸ್ಸಿನ ಡ್ರೈವರ್ ಎಣ್ಣೆ ಉಳಿಸುವ ಆಸೆಯಿಂದ ಗೇರು ತೆಗೆದು ಗಾಡಿಯನ್ನು ನ್ಯೂಟ್ರಲಿನಲ್ಲಿ ಬಿಟ್ಟಿದ್ದ. ಇಂಜಿನಿನ ಸದ್ದು ತಟ್ಟನೆ ಕಡಿಮೆಯಾಯಿತು, ಬಸ್ಸಿನ ವೇಗ ಹೆಚ್ಚಾಯಿತು, ಬ್ರೇಕು ಹಿಡಿಯಲಿಲ್ಲ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಗುಡ್ಡ. ಪುಣ್ಯಕ್ಕೆ ಬಸ್ಸು ಗುಡ್ಡವನ್ನು ಆರಿಸಿಕೊಂಡಿತು. ಯಾರೂ ಸಾಯಲಿಲ್ಲ. ತಾಯಿಯ ಎಡಗೈ ಮುರಿಯಿತು, ಮಡಿಲಲ್ಲಿದ್ದ ಬೆಲ್ಲದ ಗಡಿಗೆ ಒಡೆಯಿತು. ಹಿಂದಿನ ಸೀಟಿನಲ್ಲಿದ್ದ ರಾಜೀವಿಗೆ ಅಷ್ಟು ಹೊತ್ತೂ ಕಂಡದ್ದು ಜನರ ಬೆನ್ನು ಮಾತ್ರ. ಡ್ರೈವರ್ ಏನು ಮಾಡುತ್ತಿದ್ದಾನೆಂದು ಗೊತ್ತಾಗದೆ ಸಾಯುವುದಕ್ಕಿಂತ ಗೊತ್ತಾಗಿ ಸಾಯುವುದು ಮೇಲು ಎಂದು ಆ ಹುಡುಗಿ ಅವತ್ತೇ ತೀರ್ಮಾನ ಮಾಡಿದಳು. ಮುಂದೆ ಬಸ್ಸು ಹತ್ತಿದರೆ ಅವಳಿಗೆ ಡ್ರೈವರನ ಬೆನ್ನ ಹಿಂದಿನ ಸೀಟೇ ಆಗಬೇಕು, ಕಣ್ಣು ಅವನ ಕೈಯ ಮೇಲೆ ಇರಬೇಕು. ನಮ್ಮ ಕಡೆಯ ಬಸ್ಸಿನಲ್ಲಿ ಹೆಂಗಸರದ್ದು ಹೇಗೂ ಮುಂದಿನ ಬಾಗಿಲು, ಮುಂದಿನ ಸೀಟು. ಹಾಗಾಗಿ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಆ ಸೀಟು ಸಿಗದಿದ್ದರೆ ಮುಂದಿನ ಬಸ್ಸು. ಅದರಲ್ಲೂ ಸಿಗದಿದ್ದರೆ ನಡಿಗೆ.

ಅರವತ್ತೊಂದರಲ್ಲಿ ಚಿನ್ನಯ್ಯ ತಾನೇ ಕೈಯಾರೆ ಪೂರ್ತಿ ಕಟ್ಟಿದ ಮೊದಲ ಬಸ್ಸು ಬೆಳ್ತಂಗಡಿ ದಾರಿಗೆ ಇಳಿಯಿತು. ಎಲ್ಲಿ ಕಿರುಗುಟ್ಟುತ್ತದೆ, ಎಲ್ಲಿ ಅಲುಗಾಡುತ್ತದೆ ಎಂದು ನೋಡಲು ಮೊದಲ ದಿನ ಅವನೂ ಬಸ್ಸಿನಲ್ಲಿದ್ದ. ಡ್ರೈವರನ ಬೆನ್ನಿಗೆ ಹೆಂಗಸರ ಕೊಡೆ, ಬುಟ್ಟಿ ತಾಗದ ಹಾಗೆ ಅವನು ಅಲ್ಲೊಂದು ಬೀಟೆ ಹಲಗೆಯ ಗೋಡೆ ನಿಲ್ಲಿಸಿದ್ದ. ಮುಖ ಕಾಣುವಷ್ಟು ಪಾಲಿಶು, ಆಳೆತ್ತರ. ಬೆಳ್ತಂಗಡಿಯಲ್ಲಿ ಹತ್ತಿದ ಹುಡುಗಿಯೊಬ್ಬಳು ಆ ಗೋಡೆಯ ಹಿಂದೆ ಕೂತಳು, ಕೂತಷ್ಟೇ ಬೇಗ ಎದ್ದಳು.

"ಈ ಗೋಡೆ ಕಟ್ಟಿದ ಪುಣ್ಯಾತ್ಮ ಯಾರು?"

"ನಾನು," ಎಂದ ಚಿನ್ನಯ್ಯ, ಹೊಗಳಿಕೆಗೆ ತಯಾರಾಗಿ.

"ಇದರ ಹಿಂದೆ ಕೂತು ನಾನು ಎಂತ ನೋಡುವುದು? ನಿಮ್ಮ ಪಾಲಿಶಾ?"

ಅಷ್ಟು ಹೇಳಿ ಅವಳು ಇಳಿದು ನಡೆದೇ ಹೋದಳು. ಮರುವಾರ ಅದೇ ಬಸ್ಸು ಬಂದಾಗ ಗೋಡೆ ಕೂತವರ ಎದೆಮಟ್ಟಕ್ಕೆ ಇಳಿದಿತ್ತು. ಕೊಯ್ದ ಅಂಚಿಗೆ ಕೈಗೆ ತರಚದ ಹಾಗೆ ಉರುಟು ಪಟ್ಟಿ ಹೊಡೆದಿತ್ತು. ರಾಜೀವಿ ಕೂತಳು, ಡ್ರೈವರನ ಎರಡೂ ಕೈ ಕಂಡವು. ಆರು ತಿಂಗಳ ನಂತರ ಚಿನ್ನಯ್ಯನ ಮನೆಯಿಂದ ಸಂಬಂಧ ಕೇಳಿಕೊಂಡು ಬಂದಾಗ, ಹುಡುಗ ಹೇಗೆ ಎಂದು ತಾಯಿ ವಿಚಾರಿಸಿದರೆ ರಾಜೀವಿ ಹೇಳಿದ್ದು ಒಂದೇ ಮಾತು: "ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವ ಜನ." ಅಲ್ಲಿಂದ ಮುಂದೆ ಶೆಟ್ಟರ ಶೆಡ್ಡಿನ ಯಾವ ಬಸ್ಸಿನಲ್ಲೂ ಆ ಗೋಡೆ ಎದೆಮಟ್ಟ ದಾಟಲಿಲ್ಲ. ಮಾಲಕರು ಕಾರಣ ಕೇಳಿದರೆ ಗಾಳಿ ಬರಲಿಕ್ಕೆ ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳು ಪ್ರೇಮಾವತಿ ಮದುವೆಯಾಗಿ ಬಹರೈನಿಗೆ ಹೋಗಿದ್ದಳು. ಮೊದಲ ಬಸಿರು ನಿಲ್ಲಲಿಲ್ಲ. ಎರಡನೆಯದು ನಿಂತಿತು, ಆದರೆ ಹೆರಿಗೆಯಾಗುವವರೆಗೆ ಮಲಗಿಯೇ ಇರಬೇಕು, ವಿಮಾನದ ಸುದ್ದಿಯೇ ಬೇಡ ಎಂದು ಡಾಕ್ಟರರು ಹೇಳಿದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಬಳಿಗೆ ಹೋಗಬೇಕು. ಅಳಿಯ ಅತ್ತೆಗೆ ಟಿಕೇಟು ಕಳಿಸಿದ. ಬಜ್ಪೆ ವಿಮಾನ ನಿಲ್ದಾಣದಿಂದ ಬೊಂಬಾಯಿ, ಬೊಂಬಾಯಿಯಿಂದ ಬಹರೈನ್, ಡಿಸೆಂಬರ್ ಹದಿನೆಂಟನೇ ತಾರೀಕು. ಜೊತೆಗೆ ಮಗಳ ಕಾಗದ. ಅದರಲ್ಲಿ ಬೇರೇನೂ ಇರಲಿಲ್ಲ, "ಅಮ್ಮ, ನೀನು ಬರ್ತೀ ಅಲ್ವಾ?" ಎಂದು ಮಾತ್ರ ಇತ್ತು.

ರಾಜೀವಿ ಒಂದೇ ಒಂದು ಪ್ರಶ್ನೆ ಕೇಳಿದಳು. "ವಿಮಾನದಲ್ಲಿ ಡ್ರೈವರ್ ಕಾಣ್ತಾನಾ?"

ಗಲ್ಫಿನಿಂದ ರಜೆಯಲ್ಲಿ ಬಂದ ನಾಲ್ಕು ಜನರನ್ನು ಶೆಟ್ಟರು ವಿಚಾರಿಸಿದರು. ನಾಲ್ವರೂ ಒಂದೇ ಮಾತು ಹೇಳಿದರು: ಮುಂದೆ ಗೋಡೆ ಉಂಟು, ಗೋಡೆಗೆ ಬಾಗಿಲು ಉಂಟು, ಬಾಗಿಲು ಹಾಕಿರ್ತದೆ.

"ಹಾಗಾದರೆ ನನ್ನಿಂದ ಆಗ್ಲಿಕ್ಕಿಲ್ಲ," ಎಂದಳು ರಾಜೀವಿ. ಹೇಳಿ ಅಡುಗೆಮನೆಗೆ ಹೋಗಿ ಅತ್ತಳು. ಇಪ್ಪತ್ತನಾಲ್ಕು ವರ್ಷದಲ್ಲಿ ಶೆಟ್ಟರು ಅವಳು ಬೈದದ್ದನ್ನು ಬೇಕಾದಷ್ಟು ಕೇಳಿದ್ದರು, ಅತ್ತದ್ದನ್ನು ಕೇಳಿದ್ದು ಕಡಿಮೆ. ಹೋಗದಿದ್ದರೆ ಆಮೇಲೆ ಮಗಳ ಮುಖ ನೋಡುವುದು ಹೇಗೆ, ಹೋಗುವುದಾದರೆ ಆ ಮುಚ್ಚಿದ ಬಾಗಿಲಿನ ಹಿಂದೆ ಕೂರುವುದು ಹೇಗೆ? ಎರಡರ ನಡುವೆ ಸಿಕ್ಕಿ ರಾಜೀವಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾಲ್ಕನೇ ದಿನ ಶೆಟ್ಟರು ಸಿದ್ಧಕಟ್ಟೆಯ ಬಸ್ಸು ಹತ್ತಿದರು. ಅಲ್ಲಿ ಶಿವಸುಬ್ರಹ್ಮಣ್ಯ ಭಟ್ಟರಿದ್ದರು. ವಾಯುಪಡೆಯಲ್ಲಿ ಹದಿನೈದು ವರ್ಷ ವಿಮಾನದ ಮೀಟರುಗಳನ್ನು ರಿಪೇರಿ ಮಾಡಿ ಬಂದವರು. ಈಗ ಊರಿನ ಗಡಿಯಾರ, ರೇಡಿಯೋ ಎಲ್ಲ ಅವರ ಜಗಲಿಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿದ್ದವು. ವಿಮಾನ ಹಾರಿಸಿದವರಲ್ಲ, ಆದರೆ ವಿಮಾನದ ವಿಷಯದಲ್ಲಿ ತಪ್ಪು ಮಾತಾಡಿದರೆ ಬ್ರಹ್ಮನನ್ನೂ ತಿದ್ದುವ ಜನ.

"ಭಟ್ರೇ," ಎಂದರು ಶೆಟ್ಟರು, "ವಿಮಾನದ ಆ ಗೋಡೆಯನ್ನು ಸ್ವಲ್ಪ ಕೆಳಗೆ ಮಾಡ್ಲಿಕ್ಕೆ ಹೇಳಿ ಒಂದು ಅರ್ಜಿ ಕೊಟ್ಟರೆ ಆಗ್ತದಾ?"

ಭಟ್ಟರು ಕನ್ನಡಕ ತೆಗೆದು ಶೆಟ್ಟರ ಮುಖ ನೋಡಿದರು. ತಮಾಷೆಯಲ್ಲವೆಂದು ಗೊತ್ತಾದ ಮೇಲೆ ಮೆಲ್ಲಗೆ ಹೇಳಿದರು: "ಅದನ್ನು ಕೊಯ್ಲಿಕ್ಕೆ ಯಾರಿಂದಲೂ ಆಗ್ಲಿಕ್ಕಿಲ್ಲ ಶೆಟ್ರೇ."

ಶೆಟ್ಟರು ಕಾಫಿ ಕುಡಿದರು. ಲೋಟ ಕೆಳಗಿಡುವಾಗ ಅವರಿಗೊಂದು ಯೋಚನೆ ಬಂತು. "ಕೊಯ್ಲಿಕ್ಕೆ ಆಗದಿದ್ದರೆ ಬೇಡ. ಗೋಡೆಯ ಆಚೆ ಎಂತ ಉಂಟು ಅಂತ ತೋರಿಸುವ. ಒಮ್ಮೆ ನೋಡಿಟ್ಟರೆ ಆಮೇಲೆ ಗೋಡೆ ಇದ್ದರೂ ಅವಳಿಗೆ ಕಾಣ್ತದೆ. ನೀವು ಹೇಳಿ, ನಾನು ಕಟ್ತೇನೆ."

"ಹೇಳ್ತೇನೆ. ಆದರೆ ಸರಿ ಕಟ್ಟಬೇಕು. ನಾಟಕದ ವಿಮಾನ ಕಟ್ಟುವುದಾದರೆ ನಾನು ಬರುವುದಿಲ್ಲ," ಎಂದರು ಭಟ್ಟರು.

ಇಲ್ಲಿಂದ ಸುರುವಾಯಿತು ನೋಡಿ ಇಬ್ಬರು ಹಟಮಾರಿಗಳ ಕೂಡಾಟ. ಒಬ್ಬರಿಗೆ ವಿಮಾನದ ನಿಯಮ ತಪ್ಪಬಾರದು, ಇನ್ನೊಬ್ಬರಿಗೆ ಬಸ್ಸಿನ ಕ್ರಮ ತಪ್ಪಬಾರದು. ಭಟ್ಟರು ಹಟ್ಟಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದರು. ಡ್ರೈವರನ ಕಣ್ಣಿನ ಎದುರು ಆರು ಮೀಟರು: ವೇಗ, ಎತ್ತರ, ದಿಕ್ಕು, ತಿರುವು, ಏರಿಳಿತ, ಮತ್ತು ನಡುವೆ ಎಲ್ಲದಕ್ಕಿಂತ ಮುಖ್ಯವಾದದ್ದು, ನೆಲ ಎಲ್ಲಿ ಆಕಾಶ ಎಲ್ಲಿ ಎಂದು ತೋರಿಸುವ ಚೆಂಡು. ವೇಗಕ್ಕೆ ಗುಜರಿ ಬಸ್ಸಿನ ಮೀಟರು ಬಂತು, ಅಂಕೆಗಳನ್ನು ಅಳಿಸಿ ಭಟ್ಟರು ಹೊಸದಾಗಿ ಬರೆದರು. ಎತ್ತರಕ್ಕೆ ಯಾರೋ ರಿಪೇರಿಗೆ ಕೊಟ್ಟು ಮರೆತ ಟೈಂಪೀಸು. ಚೆಂಡಿಗೆ ಎರಡು ತೆಂಗಿನ ಗೆರಟೆ ಜೋಡಿಸಿ, ಮೇಲಿನರ್ಧಕ್ಕೆ ನೀಲಿ, ಕೆಳಗಿನರ್ಧಕ್ಕೆ ಕಂದು ಬಣ್ಣ ಬಳಿದು, ಒಳಗೆ ಸೀಸದ ತುಂಡಿಟ್ಟು ತೂಗುಹಾಕಿದರು. ಕೋಣೆ ಎಷ್ಟು ವಾಲಿದರೂ ಗೆರಟೆ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು.

"ನಿಜವಾದ್ದರಲ್ಲಿ ಒಳಗೆ ಒಂದು ಚಕ್ರ ತಿರುಗ್ತಾ ಇರ್ತದೆ," ಎಂದು ಭಟ್ಟರು ನಿಟ್ಟುಸಿರುಬಿಟ್ಟರು. ಗೆರಟೆಗೆ ಒಪ್ಪಿಕೊಂಡದ್ದು ಅವರ ಬಾಳಿನ ದೊಡ್ಡ ಸೋಲುಗಳಲ್ಲಿ ಒಂದು.

ಶೆಡ್ಡಿನ ಹಿರಿಯ ಕಮ್ಮಾರ ಲೋಕಯ್ಯ ನೆಲದ ಚೌಕಟ್ಟನ್ನು ಬಸ್ಸಿನ ನಾಲ್ಕು ಸ್ಪ್ರಿಂಗ್ ಪ್ಲೇಟುಗಳ ಮೇಲೆ ಕೂರಿಸಿದ. ಹಿಂದಿನಿಂದ ಹಾರೆಯಲ್ಲಿ ಒತ್ತಿದರೆ ಕೋಣೆ ವಾಲುತ್ತಿತ್ತು, ಮುಂದೆ ಲಾರಿ ಜಾಕಿ ತಿರುಗಿಸಿದರೆ ಮೂಗು ಏರುತ್ತಿತ್ತು. ಸದ್ದಿಗೆ ತೋಟದ ಸೀಮೆಎಣ್ಣೆ ಪಂಪು, ಅದರ ಸೈಲೆನ್ಸರ್ ಬಿಚ್ಚಿ ಬದಿಗಿಟ್ಟಿದ್ದರು. ಎದುರಿನ ಗಾಜಿನಾಚೆ ಎರಡು ಉರುಳೆಗಳಿಗೆ ಸುತ್ತಿದ ಪಂಚೆ; ಅದರ ಮೇಲೆ ಗದ್ದೆ, ನೇತ್ರಾವತಿ, ಕಡಲು, ಆಮೇಲೆ ಬರೇ ಮೋಡ. ಸ್ಟೇರಿಂಗನ್ನು ಶೆಟ್ಟರು ಭಟ್ಟರ ಮಾತಿನಂತೆ ಅರ್ಧಕ್ಕೆ ಕೊಯ್ದರು. ಕೊಯ್ಯುವಾಗ ಅವರ ಮುಖ ನೋಡಲು ಆಗುವ ಹಾಗೆ ಇರಲಿಲ್ಲ.

ಡ್ರೈವರ್ ಕೆಲಸಕ್ಕೆ ಮೂಸಾ ಬಂದ. ಮೆಲ್ಕಾರ್–ಬೆಳ್ತಂಗಡಿ ಬಸ್ಸಿನ ಮೂಸಾ. ಹದಿನೆಂಟು ವರ್ಷದಿಂದ ರಾಜೀವಿ ಊರಿನಲ್ಲಿ ಅತಿ ಹೆಚ್ಚು ನಂಬಿದ ಕೈಗಳು ಅವನವು. ಅವನು ಅರ್ಧ ಸ್ಟೇರಿಂಗನ್ನು ತಿರುವಿ ನೋಡಿ, "ಶೆಟ್ರೇ, ಇದರಲ್ಲಿ ಗುರುವಾಯನಕೆರೆ ತಿರುವೂ ತೆಗೀಲಿಕ್ಕೆ ಆಗ್ಲಿಕ್ಕಿಲ್ಲ," ಎಂದ. ಆಮೇಲೆ ತನ್ನ ಬಸ್ಸಿನಲ್ಲಿರುವ ಹಾಗೆ ಮೂರು ಪಟಗಳನ್ನು ತಂದು ಮೀಟರುಗಳ ಮೇಲೆ ಸಾಲಾಗಿ ಹೊಡೆದ: ಒಂದು ದೇವಸ್ಥಾನದ್ದು, ಒಂದು ದರ್ಗಾದ್ದು, ಒಂದು ಇಗರ್ಜಿಯದ್ದು.

"ವಿಮಾನದಲ್ಲಿ ಪಟ ಇರುವುದಿಲ್ಲ," ಎಂದರು ಭಟ್ಟರು.

"ಅದಕ್ಕೇ ಬೀಳುವುದು," ಎಂದ ಮೂಸಾ. ಪಟಗಳು ಉಳಿದವು. ಹೊಸ ಗಾಡಿಯ ಕ್ರಮ ಬಿಡಬಾರದೆಂದು ಅವನು ಚಕ್ರದಡಿ ಇಡಲು ಲಿಂಬೆಹಣ್ಣನ್ನೂ ತಂದಿದ್ದ. ಚಕ್ರವೇ ಇಲ್ಲವಲ್ಲ, ಕೊನೆಗೆ ಅದನ್ನು ಪ್ಲೇಟಿನಡಿ ಇಟ್ಟು ಅಪ್ಪಚ್ಚಿ ಮಾಡಿದರು.

ರಾಜೀವಿ ಮೊದಲ ದಿನ ಬಂದು ಸೊಂಟಕ್ಕೆ ಕೈಯಿಟ್ಟು ನಿಂತು ಎಲ್ಲವನ್ನೂ ನೋಡಿದಳು. "ಹಾರ್ನ್ ಎಲ್ಲಿ?"

"ವಿಮಾನಕ್ಕೆ ಹಾರ್ನ್ ಇಲ್ಲ ಅಮ್ಮ," ಎಂದರು ಭಟ್ಟರು.

"ಎದುರಿನಿಂದ ಇನ್ನೊಂದು ಬಂದರೆ?"

ಭಟ್ಟರು ಅರ್ಧ ಗಂಟೆ ವಿವರಿಸಿದರು. ಮರುದಿನ ಬಂದು ನೋಡಿದರೆ ಅರ್ಧ ಸ್ಟೇರಿಂಗಿನ ಪಕ್ಕದಲ್ಲಿ ರಬ್ಬರ್ ಚೆಂಡಿನ ಹಿತ್ತಾಳೆ ಹಾರ್ನ್ ಒಂದು ಕೂತಿತ್ತು. ಯಾರು ಕೂರಿಸಿದ್ದೆಂದು ಕೇಳಿದರೆ ಶೆಟ್ಟರು ಗೋಡೆಯ ಹಲ್ಲಿಯನ್ನು ನೋಡುತ್ತ ನಿಂತರು.

ಕಲಿಸುವ ಕ್ರಮ ಶೆಟ್ಟರದ್ದು. ಮೊದಲ ವಾರ ಗೋಡೆಯೇ ಇಲ್ಲ. ರಾಜೀವಿ ಮೂಸಾನ ಹಿಂದೆ ಕೂತು ಅವನ ಕೈಗಳನ್ನು ನೋಡುವುದು. ಎರಡು ಸರಳು ಮುಂದೆ ತಳ್ಳಿದರೆ ಪಂಪು ಗರ್ಜಿಸುತ್ತದೆ. ಅರ್ಧ ಸ್ಟೇರಿಂಗನ್ನು ಎದೆಗೆ ಎಳೆದರೆ ಮೂಗು ಏರುತ್ತದೆ. ಸ್ವಲ್ಪ ಹೊತ್ತಿಗೆ ನೆಲದಡಿ ಧಡ್ ಎಂದರೆ ಚಕ್ರ ಒಳಗೆ ಹೋಯಿತೆಂದು ಅರ್ಥ. ಅದನ್ನು ಲೋಕಯ್ಯ ಕೆಳಗೆ ಕೂತು ಮರದ ಕೊಡತಿಯಿಂದ ಹೊಡೆಯುತ್ತಿದ್ದ. ಎರಡನೇ ವಾರ ಎದೆಮಟ್ಟದ ಗೋಡೆ. ಮೂರನೇ ವಾರ ಪೂರ್ತಿ ಗೋಡೆ, ಮುಚ್ಚಿದ ಬಾಗಿಲು. ಆಗ ರಾಜೀವಿ ಸದ್ದು ಕೇಳಿಯೇ ಹೇಳಬೇಕು. "ಈಗ ಮುಂದೆ ತಳ್ಳಿದ. ಈಗ ಎಳೆದ. ಈಗ ಚಕ್ರ." ಒಂದೂ ತಪ್ಪುತ್ತಿರಲಿಲ್ಲ. ಶೆಟ್ಟರಿಗೆ ಹಿಗ್ಗೋ ಹಿಗ್ಗು.

ಒಂದು ವಿಷಯವನ್ನು ಮಾತ್ರ ಅವರು ಮುಚ್ಚಿಟ್ಟಿದ್ದರು. ಮೇಲೇರಿದ ಸ್ವಲ್ಪ ಹೊತ್ತಿಗೆ ಡ್ರೈವರ್ ಸರಳುಗಳನ್ನು ಹಿಂದಕ್ಕೆ ಎಳೆಯುತ್ತಾನೆ, ಇಂಜಿನಿನ ಸದ್ದು ತಟ್ಟನೆ ಕಡಿಮೆಯಾಗುತ್ತದೆ ಎಂದು ಭಟ್ಟರು ಮೊದಲೇ ಹೇಳಿದ್ದರು. "ಅದೊಂದು ಬೇಡ ಭಟ್ರೇ," ಎಂದು ಶೆಟ್ಟರು ಕೈ ಮುಗಿದಿದ್ದರು. ಹೊರಡಲು ಹನ್ನೆರಡು ದಿನವಿರುವಾಗ ಭಟ್ಟರಿಗೆ ತಡೆಯಲಾಗಲಿಲ್ಲ. "ತೋರಿಸದೆ ಕಳಿಸಿದರೆ ಅವರಿಗೆ ಅದು ಗೊತ್ತಾಗುವುದು ಆಕಾಶದಲ್ಲಿ. ಆಗ ಅಲ್ಲಿ ನಾನೂ ಇಲ್ಲ, ನೀವೂ ಇಲ್ಲ," ಎಂದು ಅವರೇ ಹೋಗಿ ಮೂಸಾನ ಕಿವಿಯಲ್ಲಿ ಹೇಳಿದರು. ಬಾಗಿಲು ಮುಚ್ಚಿತ್ತು. ವಿಮಾನ ಏರಿತು, ಚಕ್ರ ಒಳಗೆ ಹೋಯಿತು, ಮೂಸಾ ಸರಳು ಎಳೆದ.

"ನ್ಯೂಟ್ರಲ್!" ಎಂದು ಕಿರುಚಿ ರಾಜೀವಿ ಹೊರಗೆ ಹಾರಿದಳು. ಹಿಂದೆ ಹಾರೆ ಹಿಡಿದಿದ್ದ ಶೆಡ್ಡಿನ ಹುಡುಗನ ಮೇಲೆ ಬಿದ್ದು, ಎದ್ದು, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹನ್ನೆರಡು ವರ್ಷದ ಹುಡುಗಿಯಾಗಿ ಕೇಳಿದ ಸದ್ದು ಅದು, ಮರೆಯುವುದು ಎಲ್ಲಿ?

ಶೆಟ್ಟರು ಭಟ್ಟರ ಮೇಲೆ ಹರಿಹಾಯ್ದರು. ಭಟ್ಟರು ತಲೆ ತಗ್ಗಿಸಿದರು, ಆದರೆ ಮಾಡಿದ್ದು ತಪ್ಪೆಂದು ಒಪ್ಪಲಿಲ್ಲ. ಒಂದು ವಾರ ಹಟ್ಟಿಯ ಕಡೆ ಯಾರೂ ಸುಳಿಯಲಿಲ್ಲ. ಟಿಕೇಟು ದೇವರ ಕೋಣೆಯಲ್ಲಿ ಕುಂಕುಮದ ಬಟ್ಟಲಿನಡಿ ಬಿದ್ದಿತ್ತು. ಪೆಟ್ಟಿಗೆಗೆ ತುಂಬಬೇಕಾದ ಬಾಣಂತಿ ಲೇಹ್ಯದ ಡಬ್ಬ ಅಟ್ಟದಿಂದ ಇಳಿಯಲೇ ಇಲ್ಲ.

ಎಂಟನೇ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ರಿವೆಟ್ ಹೊಡೆಯುತ್ತಿದ್ದ ಶೆಟ್ಟರಿಗೆ ಹಟ್ಟಿಯ ಪಂಪಿನ ಸದ್ದು ಕೇಳಿಸಿತು. ಓಡಿಬಂದು ನೋಡಿದರೆ ರಾಜೀವಿ ಡ್ರೈವರ್ ಸೀಟಿನಲ್ಲಿ ಕೂತಿದ್ದಳು, ಸೆರಗು ಸೊಂಟಕ್ಕೆ ಬಿಗಿದು. ಪಂಪಿನ ಬಳಿ ಲೋಕಯ್ಯ ಏನೂ ಗೊತ್ತಿಲ್ಲದವನ ಹಾಗೆ ನಿಂತಿದ್ದ. ಅವಳು ಸರಳುಗಳನ್ನು ಮುಂದೆ ತಳ್ಳಿದಳು, ಹಿಂದೆ ಎಳೆದಳು. ಸದ್ದು ಕಡಿಮೆಯಾಯಿತು. ಅವಳ ಕುತ್ತಿಗೆಯ ನರ ಉಬ್ಬಿತು. ಪುನಃ ತಳ್ಳಿದಳು, ಪುನಃ ಎಳೆದಳು. ಶೆಟ್ಟರು ಬಾಗಿಲಲ್ಲೇ ನಿಂತರು.

"ಗೆರಟೆ ಅಲ್ಲಾಡುವುದಿಲ್ಲ," ಎಂದಳು ಅವಳು, ಹಿಂದೆ ತಿರುಗದೆ. "ಸದ್ದು ಇಳೀತು, ಗೆರಟೆ ಅಲ್ಲೇ ಉಂಟು."

"ಹೌದು."

"ಹಾಗಾದರೆ ಇವನು ಇಳಿಜಾರಿನಲ್ಲಿ ಬಿಟ್ಟದ್ದಲ್ಲ. ಏರು ಮುಗಿಯಿತು ಅಂತ ಎಳೆದದ್ದು."

"ಹೌದು ಮಾರಾಯ್ತಿ, ಹೌದು."

ಅವಳು ಆವತ್ತು ಇಪ್ಪತ್ತಮೂರು ಸಲ ಆ ಸರಳುಗಳನ್ನು ಎಳೆದಳು. ಸೀಮೆಎಣ್ಣೆ ಮುಗಿದದ್ದರಿಂದ ನಿಲ್ಲಿಸಿದ್ದು. ಸಂಜೆ ಲೇಹ್ಯದ ಡಬ್ಬ ಅಟ್ಟದಿಂದ ಇಳಿಯಿತು.

ಹೊರಡುವ ಮುನ್ನಾದಿನ ಶೆಟ್ಟರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಾಗ ಅವಳು ಹೇಳಿದಳು: "ನಾಳೆ ನೀವು ಬಜ್ಪೆಗೆ ಬರುವುದು ಬೇಡ. ಭಟ್ರು ಬರ್ತಾರಂತೆ, ಅಷ್ಟು ಸಾಕು."

ಶೆಟ್ಟರು ಗಂಟಿನಿಂದ ತಲೆಯೆತ್ತಿದರು. "ಯಾಕೆ?"

"ಬಾಗಿಲಿನ ಆಚೆ ಕೂತವನ ಮುಖ ನಾನು ನೋಡಿಲ್ಲ. ಯಾರು ಅಂತಲೇ ಗೊತ್ತಿಲ್ಲದೆ ಹೇಗೆ ನಂಬುವುದು? ಗೊತ್ತಿರುವ ಒಬ್ಬರು ಕೂತಿದ್ದಾರೆ ಅಂತ ನೆನೆಸಿಕೊಳ್ತೇನೆ. ನೀವು ಹಟ್ಟಿಯಲ್ಲಿ ಕೂತ್ಕೊಳ್ಳಿ. ಹನ್ನೊಂದೂವರೆಗೆ ಸರಿಯಾಗಿ."

"ನಾನಾ?" ಶೆಟ್ಟರು ಹಗ್ಗ ಬಿಟ್ಟರು. "ಮೂಸಾನನ್ನು ಕೂರಿಸುವ."

"ಮೂಸಾನಿಗೆ ಆ ಹೊತ್ತಿಗೆ ಬೆಳ್ತಂಗಡಿ ಟ್ರಿಪ್ಪು."

"ನನಗೆ ಬಿಡ್ಲಿಕ್ಕೆ ಬರುವುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ. ನನ್ನ ಸೈಕಲಿನ ಕ್ಯಾರಿಯರಿನಲ್ಲೂ ಕೂತವಳಲ್ಲ ನೀನು."

"ಹೌದು, ಕೂತಿಲ್ಲ," ಎಂದಳು ರಾಜೀವಿ. "ನಾಳೆ ಕೂರ್ತೇನೆ. ಬೊಂಬಾಯಿವರೆಗೆ ಬಿಟ್ಟರೆ ಸಾಕು. ಅಲ್ಲಿ ತಮ್ಮ ಇದ್ದಾನೆ, ಮುಂದಿನದಕ್ಕೆ ಅಭ್ಯಾಸ ಆಗಿರ್ತದೆ."

ಶೆಟ್ಟರಿಗೆ ಆ ಇಡೀ ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆಯೂ ಇತ್ತು, ಹೇಳಿಕೊಳ್ಳಲಾಗದಷ್ಟು ಹೆಮ್ಮೆಯೂ ಇತ್ತು.

ಮರುದಿನ ಕಾರು ಭಟ್ಟರನ್ನೂ ರಾಜೀವಿಯನ್ನೂ ಹತ್ತಿಸಿಕೊಂಡು ಹೋಯಿತು. ಅವಳು ಡ್ರೈವರನ ಹಿಂದೆ ಕೂತಿದ್ದಳು, ಹೇಳಬೇಕಾದ್ದೇ ಇಲ್ಲ. ಹನ್ನೊಂದು ಗಂಟೆಗೆ ಶೆಟ್ಟರು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಮೂರು ಪಟಗಳಿಗೂ ಕೈಮುಗಿದು ಸೀಟಿನಲ್ಲಿ ಕೂತರು. ಶೆಡ್ಡಿಗೆ ಅವತ್ತು ಅರ್ಧ ದಿನ ರಜೆ, ಲೋಕಯ್ಯ ಮಾತ್ರ ಪಂಪಿನ ಬಳಿ. ಹನ್ನೊಂದೂವರೆಗೆ ಸರಿಯಾಗಿ ಸರಳು ಮುಂದೆ. ಇಷ್ಟು ವರ್ಷ ಎಷ್ಟೋ ಡ್ರೈವರುಗಳಿಗೆ ಸೀಟು ಕಟ್ಟಿಕೊಟ್ಟಿದ್ದರು. ಆ ಸೀಟಿನಲ್ಲಿ ಕೂತವನ ಬೆನ್ನಿಗೆ ಎಷ್ಟು ಜನರ ಕಣ್ಣು ಅಂಟಿರುತ್ತದೆ ಎಂದು ಗೊತ್ತಾದದ್ದು ಅವತ್ತೇ. ಮೂಗು ಏರಿಸಿದರು, ಚಕ್ರ ಒಳಗೆಳೆದರು, ಸದ್ದು ಇಳಿಸುವ ಜಾಗ ಬಂದಾಗ ಮೆಲ್ಲಗೆ, ತೊಟ್ಟಿಲು ತೂಗುವ ಹಾಗೆ ಇಳಿಸಿದರು. ಗೆರಟೆ ಅಲ್ಲಾಡಲಿಲ್ಲ. ಹನ್ನೆರಡೂ ಮುಕ್ಕಾಲಿಗೆ ಬೊಂಬಾಯಿ. ಒಂದು ಏಟು ಬೀಳದೆ ಇಳಿಸಿದರು.

ಎದ್ದು ಹೊರಗೆ ಬಂದಾಗ ಶೆಟ್ಟರ ನಡಿಗೆಯೇ ಬೇರೆಯಾಗಿತ್ತು. ಕೈಕಾಲು ತೊಳೆದು ಊಟಕ್ಕೆ ಕೂತರು. ರಾಜೀವಿ ಬೆಳಿಗ್ಗೆಯೇ ಮಾಡಿಟ್ಟಿದ್ದ ಬ‍ಸಳೆಯ ಸಾರು, ಕುಚ್ಚಲಕ್ಕಿ ಅನ್ನ. ನಿಧಾನವಾಗಿ, ದೊಡ್ಡ ಕೆಲಸ ಮುಗಿಸಿದವರ ಹಾಗೆ, ನಡುನಡುವೆ ಲೋಕಯ್ಯನಿಗೆ ಪ್ರಯಾಣದ ವಿವರ ಹೇಳುತ್ತ ಉಂಡರು. ಎರಡನೇ ಸಲ ಅನ್ನ ಬಡಿಸಿಕೊಂಡು ಸಾರು ಕಲಸುವಾಗ ಆಕಾಶದಲ್ಲಿ ಸದ್ದು ಕೇಳಿಸಿತು.

ಬಜ್ಪೆಯಿಂದ ಏರಿದ ವಿಮಾನ ಕೆಲವು ದಿನ ಗಾಳಿ ನೋಡಿಕೊಂಡು ಮೆಲ್ಕಾರಿನ ಮೇಲಾಗಿ ತಿರುಗುವುದುಂಟು. ಶೆಟ್ಟರು ಅಂಗಳಕ್ಕೆ ಬಂದು ತಲೆಯೆತ್ತಿದರು. ಬೆಳ್ಳಗೆ, ಎತ್ತರದಲ್ಲಿ, ಇನ್ನೂ ಏರುತ್ತಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಒಂದೂವರೆ. ಆ ಹೊತ್ತಿನಲ್ಲಿ ಬೇರೆ ವಿಮಾನವಿಲ್ಲ.

ಹೊರಟದ್ದೇ ಈಗ! ಅವರು ಬೊಂಬಾಯಿಯಲ್ಲಿ ಇಳಿಸಿ ಮುಕ್ಕಾಲು ಗಂಟೆಯಾಗಿತ್ತು, ಅವಳು ಇಷ್ಟು ಹೊತ್ತೂ ಬಜ್ಪೆಯ ಬೆಂಚಿನಲ್ಲಿ ಕೂತಿದ್ದಳು. ಈಗ ಆಕಾಶದಲ್ಲಿದ್ದಾಳೆ, ಡ್ರೈವರ್ ಸೀಟು ಖಾಲಿ.

ಶೆಟ್ಟರು ಎಂಜಲು ಕೈಯಲ್ಲೇ ಹಟ್ಟಿಗೆ ಓಡಿದರು. ಐವತ್ತು ವರ್ಷದ ಗಂಡಸು ಪಂಚೆ ಎತ್ತಿ ಕಟ್ಟಿಕೊಂಡು ಓಡಿದ್ದನ್ನು ಲೋಕಯ್ಯ ಬಾಯಿ ಬಿಟ್ಟುಕೊಂಡು ನೋಡಿದ.

"ಪುನಃ ಎಲ್ಲಿಗೆ ಶೆಟ್ರೇ?"

"ಬೊಂಬಾಯಿಗೆ!"

"ಈಗ ತಾನೆ ಹೋಗಿ ಬಂದ್ರಲ್ಲ?"

"ಅದು ಖಾಲಿ ಟ್ರಿಪ್ಪು ಮಾರಾಯ," ಎಂದರು ಶೆಟ್ಟರು, ಸೀಟಿಗೆ ಹಾರುತ್ತ. "ಈಗ ಜನ ಉಂಟು!"

ಪಂಪು ಹೊತ್ತಿಸುವಷ್ಟು ಪುರುಸೊತ್ತು ಇರಲಿಲ್ಲ. ಸದ್ದನ್ನು ಬಾಯಲ್ಲೇ ಮಾಡಿದರು. ವಿಮಾನ ಆಗಲೇ ಏರಿಯಾಗಿತ್ತು, ಆದ್ದರಿಂದ ನೇರ ಸದ್ದು ಇಳಿಸುವ ಜಾಗಕ್ಕೇ ಬಂದರು. ಎಡಗೈಯಲ್ಲಿ ಸ್ಟೇರಿಂಗು, ಬಲಗೈಯಲ್ಲಿ ಸರಳು. ಸರಳಿನ ತುಂಬ ಸಾರು. ಮೆಲ್ಲಗೆ ಎಳೆದರು. "ಹೆದರಬೇಡ, ಏರು ಮುಗಿಯಿತು ಅಂತ ಎಳೆದದ್ದು," ಎಂದು ಬಾಗಿಲಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು. ಕಣ್ಣಲ್ಲಿ ನೀರು ಬಂದಿತ್ತು. ಒರೆಸಲು ಕೈ ಬಿಡುವಿರಲಿಲ್ಲ. ಕಡಲ ಮೇಲೆ ಸ್ವಲ್ಪ ಮೋಡವಿದೆ ಅನಿಸಿದಾಗ ಒಮ್ಮೆ ಹಾರ್ನ್ ಕೂಡ ಹಾಕಿದರು. ಎರಡೂ ಮುಕ್ಕಾಲಿಗೆ ಇಳಿಸಿದರು. ಬೊಂಬಾಯಿಯಲ್ಲಿ ರಶ್ಶು ಇರಬಹುದೆಂದು ಇನ್ನೊಂದು ಕಾಲು ಗಂಟೆ ಸೇರಿಸಿಯೇ ಎದ್ದದ್ದು. ಬೆರಳುಗಳಿಗೆ ಅನ್ನದ ಅಗುಳು ಒಣಗಿ ಅಂಟಿಕೊಂಡಿತ್ತು.

ಸಂಜೆ ಭಟ್ಟರು ಬಂದು ವಿಮಾನ ಬೊಂಬಾಯಿಯಿಂದ ಬಂದದ್ದೇ ತಡವೆಂದೂ, ರಾಜೀವಿ ಒಂದು ಹನಿ ಕಣ್ಣೀರಿಲ್ಲದೆ ಮೆಟ್ಟಿಲು ಹತ್ತಿದಳೆಂದೂ ಹೇಳಿದರು. ಶೆಟ್ಟರು ತಾವು ಎರಡು ಸಲ ಹೋದದ್ದನ್ನು ಅವರಿಗೆ ಹೇಳಲಿಲ್ಲ. ಲೋಕಯ್ಯ ಹೇಳಿದ. ಮರುದಿನ ಮೂಸಾನ ಬಸ್ಸಿನಲ್ಲಿ ಆ ಸುದ್ದಿ ಬೆಳ್ತಂಗಡಿ ಮುಟ್ಟಿತು. ಜನವರಿಯಿಂದ, ಮೊದಲ ಸಲ ಗಲ್ಫಿಗೆ ಹೊರಟವರು, ಅವರ ಹೆಂಡಂದಿರು, ಮೂಡುಬಿದಿರೆಯ ಒಬ್ಬರು ನಿವೃತ್ತ ಹೆಡ್‌ಮಾಸ್ತರರು ಕೂಡ ಹಟ್ಟಿಯಲ್ಲಿ ಕೂತು ನೋಡಿ ಹೋಗಲು ಬಂದರು. ಭಟ್ಟರು ಎಲ್ಲರಿಗೂ ಆರು ಮೀಟರು ವಿವರಿಸಿದರು. ಗೆರಟೆಯ ಬಗ್ಗೆ ಮೊದಲೇ ಕ್ಷಮೆ ಕೇಳುತ್ತಿದ್ದರು. ಶೆಟ್ಟರು ಮಾತ್ರ ಮತ್ತೆ ಯಾವತ್ತೂ ಆ ಸೀಟಿನಲ್ಲಿ ಕೂರಲಿಲ್ಲ.

ಅದಕ್ಕೆಲ್ಲ ಮೊದಲು, ವರ್ಷದ ಕೊನೆಯ ದಿನ, ಬಹರೈನಿನಿಂದ ಕಾಗದ ಬಂತು. ರಾಜೀವಿಯ ದೊಡ್ಡ ದೊಡ್ಡ ಅಕ್ಷರ. ಶೆಟ್ಟರು ಶೆಡ್ಡಿನ ಬೆಂಚಿನಲ್ಲಿ ಕೂತು ಭಟ್ಟರಿಗೂ ಮೂಸಾನಿಗೂ ಕೇಳುವ ಹಾಗೆ ಓದಿದರು.

"ಪ್ರೇಮ ಚೆನ್ನಾಗಿದ್ದಾಳೆ. ನನ್ನನ್ನು ಕಂಡು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಎರಡು ದೋಸೆ ತಿಂದಳು. ಇನ್ನು ಇಪ್ಪತ್ತು ದಿನ ಉಂಟು ಅಂತ ಡಾಕ್ಟರು ಹೇಳ್ತಾರೆ. ವಿಮಾನ ತಡವಾಗಿ ಹೊರಟಿತು. ನೀವು ಹನ್ನೊಂದೂವರೆಗೆ ಸರಿಯಾಗಿ ಹೊರಟು ಬೊಂಬಾಯಿ ಮುಟ್ಟಿ ಊಟಕ್ಕೆ ಕೂತಿರ್ತೀರಿ ಅಂತ ಗೊತ್ತಿತ್ತು. ಇನ್ನು ಹತ್ತುವುದು ಬೇಡ ಅಂತ ಒಮ್ಮೆ ಅನಿಸಿತು. ಆದರೂ ಪ್ರೇಮನ ಮುಖ ನೆನೆಸಿ ಹತ್ತಿದೆ. ಮೇಲೆ ಹೋಗಿ ತಿರುಗುವಾಗ ಕೆಳಗೆ ಹೊಳೆ ಕಂಡಿತು, ಹೊಳೆ ದಾಟುವ ನಮ್ಮ ಪಾಣೆಮಂಗಳೂರು ಸಂಕ ಕಂಡಿತು. ಹಾಗಾದರೆ ನಮ್ಮ ಮನೆಗೆ ಈ ಸದ್ದು ಕೇಳಿಸ್ತದೆ ಅಂತ ಗೊತ್ತಾಯಿತು. ಇನ್ನು ಹೆದರಿಕೆ ಇಲ್ಲ ಅಂದುಕೊಂಡೆ. ಸದ್ದು ಇಳಿದದ್ದು ಆಮೇಲೆ."

ಶೆಟ್ಟರು ಅಲ್ಲಿಗೆ ನಿಲ್ಲಿಸಿ ಕಾಗದ ಮಡಚಿ ಜೇಬಿಗೆ ಹಾಕಿದರು. ಇನ್ನೂ ಒಂದು ಸಾಲು ಇತ್ತು. ಅದನ್ನು ಅವರು ಯಾರಿಗೂ ಓದಿ ಹೇಳಲಿಲ್ಲ. ಒಬ್ಬರೇ ಇದ್ದಾಗ ತೆಗೆದು ಓದುತ್ತಿದ್ದರು.

"ಎಂಜಲು ಕೈಯಲ್ಲಿ ಓಡಿ ಹೋದವರು, ಆಮೇಲೆ ಬಂದು ಊಟ ಮುಗಿಸಿದಿರಾ?"